ಗುರ್ ಎನ್ನದ ನಾಯಿ

ದರ್ಜಿ ಹೆಂಗಸಿನ ನಾಯಿ ಗುರ್ ಎನ್ನುತ್ತಿರಲಿಲ್ಲ. ಮರಿಯಾಗಿದ್ದಾಗ ಎನ್ನುತ್ತಿತ್ತು. ಅವಳ ಗಂಡನಿಗೆ ಆ ಸದ್ದು ಕೇಳಿದರೆ ಮೈಯೆಲ್ಲ ಉರಿ. ಹಲ್ಲು ಬಿಟ್ಟಾಗಲೆಲ್ಲ ಚಪ್ಪಲಿಯಿಂದ ಮೂತಿಗೇ ಬಾರಿಸುತ್ತಿದ್ದ. ಕೊನೆಗೆ ನಾಯಿ ಸದ್ದು ಬಿಟ್ಟಿತು, ಸಿಟ್ಟು ಬಿಡಲಿಲ್ಲ. ಗಂಡ ತೀರಿಕೊಂಡ ಮೇಲೊಮ್ಮೆ, ಮಲಗಿದ್ದ ಅದರ ಪಕ್ಕದಿಂದ ಬಟ್ಟೆಯ ಚೂರು ಎತ್ತಲು ಬಗ್ಗಿದಾಗ, ಸುಳಿವೇ ಕೊಡದೆ ಅವಳ ಮುಂಗೈ ಕಚ್ಚಿತ್ತು. ಕೇಳಿದವರಿಗೆಲ್ಲ ಇಸ್ತ್ರಿಪೆಟ್ಟಿಗೆ ತಗುಲಿತು ಎಂದಳು. ಜೊತೆಗೆಂದು ಆ ಮನೆಯಲ್ಲಿ ಇದ್ದದ್ದು ಅದೊಂದೇ.

ಒಂದು ಮಧ್ಯಾಹ್ನ ಅವಳ ತಮ್ಮನ ಹೆಂಡತಿ ಕೋಟಿನ ಅಳತೆ ಕೊಡಲು ಬಂದಳು. ಮಾತಿನ ಮಲ್ಲಿ. ಮೇಜಿನ ಕೆಳಗಿದ್ದ ನಾಯಿಯನ್ನು ಕಂಡವಳೇ ನೆಲದ ಮೇಲೆ ಕೂತುಬಿಟ್ಟಳು.

“ಅತ್ತಿಗೆ, ಬೊಗಳೋ ನಾಯಿ ಕಚ್ಚಲ್ಲ ಅಂತಾರೆ. ಇದು ಬೊಗಳೋದೇ ಇಲ್ವಲ್ಲ, ಏನು ಮಾಡುತ್ತೆ?”

ದರ್ಜಿ ಹೆಂಗಸಿನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಹೇಳಿದರೆ ಇವಳು ತಮ್ಮನ ಕಿವಿಗೆ ಹಾಕುತ್ತಾಳೆ, ಅವನು ಬಂದು ನಾಯಿಯನ್ನು ಒಯ್ಯುತ್ತಾನೆ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳ ನಡುವಿನಿಂದಲೇ ಅಂದಳು, “ಪಾಪದ್ದು.”

ತಮ್ಮನ ಹೆಂಡತಿ ಮುದ್ದು ಮಾಡಲು ಮುಖವನ್ನು ಅದರ ಮುಖದ ಹತ್ತಿರ ತಂದಳು.

ಸದ್ದೇ ಆಗಲಿಲ್ಲ. ಕಿರುಚಾಟವೂ ಆಮೇಲಿನದು.

ತುಟಿಗೂ ಕೆನ್ನೆಗೂ ಹೊಲಿಗೆ ಬಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ತಮ್ಮ ಕೇಳಿದ, “ಅಕ್ಕಾ, ಮುಂಚೆ ಯಾರಿಗಾದ್ರೂ ಕಚ್ಚಿತ್ತಾ?”

“ಇಲ್ಲಪ್ಪ.”

ಆ ಮಾತು ಹೇಳಿದ ಮೇಲೆ ಅವಳಿಗೆ ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿ ಬಟ್ಟೆಗೆ ಇಳಿಯುವುದನ್ನು ನೋಡಲಾಗುತ್ತಿರಲಿಲ್ಲ. ಕಡೆಗೊಂದು ಬೆಳಿಗ್ಗೆ ತಮ್ಮನ ಮನೆಗೆ ಹೋಗಿ, ಇಬ್ಬರ ಮುಂದೆಯೂ ಮುಂಗೈ ಚಾಚಿ ಕಲೆ ತೋರಿಸಿದಳು.

“ಗೊತ್ತಿದ್ದೂ ಹೇಳ್ಲಿಲ್ಲ ಕಣಮ್ಮ.”

ತಮ್ಮ ಎದ್ದು ಹೊರಗೆ ಹೋದ. ಅವನ ಹೆಂಡತಿ ಸೊಟ್ಟಗಾದ ತುಟಿಯಿಂದ ಮೆಲ್ಲಗೆ ಅಂದಳು:

“ನಂಗೊತ್ತಿತ್ತು ಅತ್ತಿಗೆ. ನಾನು ಬಗ್ಗಿದಾಗ ನೀವು ಒಂದು ಹೆಜ್ಜೆ ಹಿಂದೆ ಸರಿದ್ರಿ. ಕನಸಲ್ಲಿ ನಂಗೆ ನಾಯಿ ಬರೋದೇ ಇಲ್ಲ. ನೀವು ಹಿಂದೆ ಸರಿಯೋದೇ ಬರುತ್ತೆ.”

ತಾನು ಹಿಂದೆ ಸರಿದದ್ದು ದರ್ಜಿ ಹೆಂಗಸಿಗೇ ತಿಳಿದಿರಲಿಲ್ಲ.

ತಮ್ಮ ನಾಯಿಯನ್ನು ಒಯ್ಯಲು ಬರಲೇ ಇಲ್ಲ. ಈಗ ಅವಳು ಅದರ ಬಾಯಿಗೆ ಚರ್ಮದ ಕುಕ್ಕೆ ಹೊಲಿದು ಹಾಕಿ ಹಿತ್ತಲಲ್ಲಿ ಕಟ್ಟುತ್ತಾಳೆ. ಬಂದವರಿಗೆ ಹೊಸಿಲಲ್ಲೇ ಹೇಳುತ್ತಾಳೆ: “ನಾಯಿ ಕಚ್ಚುತ್ತೆ. ಸುಳಿವು ಕೊಡಲ್ಲ. ಹಿತ್ತಲಿಗೆ ಹೋಗ್ಬೇಡಿ.” ಕೆಲವರು ಅಲ್ಲಿಂದಲೇ ತಿರುಗಿ ಹೋಗುತ್ತಾರೆ. ಉಳಿದವರು ಒಳಗೆ ಬಂದು ಚಪ್ಪಲಿಯ ಪಟ್ಟಿ ಬಿಚ್ಚಲೆಂದು ಬಗ್ಗಿದರೂ ಸಾಕು, ಅವಳು ಕೈಯಲ್ಲಿದ್ದ ಟೇಪು ಬಿಸಾಡಿ ಓಡಿಬಂದು ಅವರ ತೋಳು ಹಿಡಿದು ಹಿಂದಕ್ಕೆಳೆಯುತ್ತಾಳೆ.

“ಯಾಕಮ್ಮಾ, ಏನಾಯ್ತು?” ಎಂದು ಅವರು ಬೆಚ್ಚುತ್ತಾರೆ.

ಮೇಜಿನ ಕೆಳಗೆ ಏನೂ ಇರುವುದಿಲ್ಲ.