ಫಸ್ಟ್ ಕ್ಲಾಸ್ ರೋಗಿಯ ಅರ್ಜಿ

ಎಲ್ಲಿಂದ ಶುರು ಮಾಡೋಣ ಹೇಳಿ? ವೈರಸ್ಸಿನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ರೂಫಸ್ ಗ್ಯಾಡಿ ಮಾಡಿದ ಅಪರಾಧದಿಂದ ಮಾಡಿದರೆ ನಿಮ್ಮ ಕನಿಕರ ಅಲ್ಲೇ ಆರಿಹೋಗುತ್ತದೆ. ಕೆಮ್ಮಿನಿಂದ ಮಾಡುತ್ತೇನೆ.

೧. ಒಹಾಯೋದ ಜೈಲೊಂದರಲ್ಲಿ ರೂಫಸ್ ಕೆಮ್ಮಿದ. ವಯಸ್ಸಾಗಿದೆ, ಶ್ವಾಸಕೋಶ ಕೆಟ್ಟಿದೆ, ಪಕ್ಕದ ಸಾಲಿನ ಮಂಚಗಳು ಕೊರೊನಾಕ್ಕೆ ಒಂದೊಂದಾಗಿ ಖಾಲಿಯಾಗುತ್ತಿವೆ. ಸಾಯುವ ಮುಂಚೆ ಮನೆಗೆ ಕಳಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಿದ್ದಾನೆ. (ಕಾನೂನಿನಲ್ಲಿ ಇದಕ್ಕೆ ಕರುಣೆಯ ಬಿಡುಗಡೆ ಎಂದು ಹೆಸರು. ಇಟ್ಟವನು ಕತೆಗಾರನೇ ಇರಬೇಕು.)

"ವಯಸ್ಸಾಗಿದೆ ಅಂತ ಬರೀಬೇಡ," ಎಂದ ರೂಫಸ್, ಅವನ ಕತೆ ಬರೆಯುತ್ತಿದ್ದ ನನಗೆ.

"ಬರೆಯದಿದ್ರೆ ಬಿಡ್ತಾರೇನಪ್ಪಾ?"

"ಜಡ್ಜ್‌ಗೆ ಬರಿ. ಇಲ್ಲಿರೋರಿಗೆ ಗೊತ್ತಾಗೋದು ಬೇಡ."

೨. (ಹರಿದು ಹಾಕಿದ್ದು. ಇದರಲ್ಲಿ ಮಗಳು ಡೆನೀಸ್ ಗೇಟಿನಾಚೆ ಅಳುತ್ತಿದ್ದಳು. "ಅವಳು ಅಳೋಳಲ್ಲ, ಬಯ್ಯೋಳು," ಎಂದು ರೂಫಸ್ ರೇಗಿದ.)

೪. ಮೂರನೆಯ ಭಾಗ ಜೈಲಿನವರ ತಪಾಸಣೆಯಲ್ಲಿದೆ. ಎಡವಟ್ಟು ಏನೆಂದರೆ, ಒಳಗೆ ಸೊರಗಿದವನ ತಟ್ಟೆಗೆ ಎಲ್ಲರೂ ಕೈ ಹಾಕುತ್ತಾರೆ. ಹಾಗಾಗಿ ನರ್ಸ್ ಸಾಲಿನಲ್ಲಿ ನಿಂತ ಕೈದಿಗಳೆದುರೇ "ಹೇಗಿದ್ದೀಯಾ?" ಎಂದಾಗಲೆಲ್ಲ ರೂಫಸ್ ಎದೆಯುಬ್ಬಿಸಿ "ಫಸ್ಟ್ ಕ್ಲಾಸ್!" ಎಂದಿದ್ದಾನೆ. ವರ್ಷಗಟ್ಟಲೆ. ಅವಳೂ ಪಾಪ, ಹಾಗೆಯೇ ಬರೆದುಕೊಂಡಿದ್ದಾಳೆ. ಈಗ ಸರ್ಕಾರಿ ವಕೀಲರು ಅದನ್ನೇ ಓದಿ, ಈತ ಗಟ್ಟಿಮುಟ್ಟಾಗಿದ್ದಾನೆ ಎನ್ನುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

ವಿಚಾರಣೆ ನಡೆದದ್ದು ಫೋನಿನಲ್ಲಿ. ರೂಫಸ್‌ನ ಹಿಂದೆ ಸರದಿಗೆ ಕಾದ ಕೈದಿಗಳೆಲ್ಲ ಕಿವಿಗೊಟ್ಟು ನಿಂತಿದ್ದರು.

"ಮಿಸ್ಟರ್ ಗ್ಯಾಡಿ, ಈಗ ಹೇಗಿದ್ದೀರಿ?" ಎಂದರು ನ್ಯಾಯಾಧೀಶೆ.

ರೂಫಸ್ ರಿಸೀವರಿಗೆ ಅಂಗೈ ಒತ್ತಿ ನನ್ನತ್ತ ತಿರುಗಿದ.

"ನಿಜ ಹೇಳು ಮಾರಾಯ," ಎಂದೆ.

"ಇವರ ಮುಂದೆನಾ? ನಿನಗೇನು, ಬರೆದು ಎದ್ದು ಹೋಗ್ತೀಯ. ಜಡ್ಜ್ ಆಗಲ್ಲ ಅಂದ್ರೆ ನಾನು ಇವರ ಮಧ್ಯೆನೇ ಮಲಗಬೇಕು."

ಅವನು ಅಂಗೈ ತೆಗೆದ.

"ಉಸಿರು ಸಿಗ್ತಿಲ್ಲ ಮೇಡಂ. ಬಗ್ಗಿ ಬೂಟು ಹಾಕ್ಕೊಳ್ಳೋಕೂ ಆಗ್ತಿಲ್ಲ. ನಂಗೆ... ಹೆದರಿಕೆ ಆಗುತ್ತೆ."

ಹಿಂದೆ ಯಾರೋ ಕಿಸಕ್ಕೆಂದರು. ನ್ಯಾಯಾಧೀಶೆ ತೀರ್ಪು ಹೇಳಲು ಗಂಟಲು ಸರಿಮಾಡಿಕೊಂಡರು.

೫. ಕೊನೆಯನ್ನು ನೀವೇ ಆರಿಸಿಕೊಳ್ಳಿ. (ಅ) ಬಿಟ್ಟರು; ಡೆನೀಸ್ ಮನೆಯವರೆಗೂ ಬಯ್ದಳು. (ಆ) ಬಿಡುಗಡೆಯ ಆದೇಶವೇನೋ ಬಂತು, ತೆಗೆದುಕೊಳ್ಳಲು ಅವನಿರಲಿಲ್ಲ. ಮೊದಲನೆಯದಕ್ಕೆ ನೀವು ನೆಮ್ಮದಿಯಿಂದ ಮಲಗುತ್ತೀರಿ, ಎರಡನೆಯದಕ್ಕೆ ಕಣ್ಣೊರೆಸಿಕೊಂಡು ಮಲಗುತ್ತೀರಿ. ಎರಡರಲ್ಲಿ ಯಾವುದನ್ನೂ ಬರೆಯಲಾರೆ, ಪೆನ್ನು ಕೆಳಗಿಟ್ಟಿದ್ದೇನೆ.

"ಬರಿಯಯ್ಯಾ," ಎಂದ ರೂಫಸ್ ಪಿಸುದನಿಯಲ್ಲಿ, ರಿಸೀವರ್ ಇನ್ನೂ ಕೈಯಲ್ಲೇ ಹಿಡಿದು. "ಜಡ್ಜ್ ಏನಂದ್ರು ಅಂತ ಬರಿ. ಎಲ್ಲಾರೂ ನನ್ನೇ ನೋಡ್ತಿದ್ದಾರೆ."