ಸತ್ತ ಎಮ್ಮೆಯ ಹಾಲು

ದೂರದಲ್ಲಿದ್ದವರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು ಎನ್ನುವುದು ಕಾಂತಾಬಾಯಿಯ ಮನೆಯ ಪದ್ಧತಿ. ಸಂತಪುರದಲ್ಲಿ ಎಲ್ಲರ ಮನೆಯಲ್ಲೂ ಅಷ್ಟಿಷ್ಟು ಹಾಗೆಯೇ, ಆದರೆ ಕಾಂತಾಬಾಯಿ ಅದನ್ನು ವ್ರತದಂತೆ ನಡೆಸಿಕೊಂಡು ಬಂದವಳು. ಕಿರಿಯ ಮಗಳು ಕರುಣಾ ಬೀದರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಪರೀಕ್ಷೆ ಬರೆಯುತ್ತಿದ್ದಾಗ ಮನೆಯ ಎಮ್ಮೆ ಹಾವು ಕಚ್ಚಿ ಸತ್ತಿತು. ಕರುವಾಗಿದ್ದಾಗಿನಿಂದ ಕರುಣಾಳೇ ಸಾಕಿದ ಎಮ್ಮೆ. ಪರೀಕ್ಷೆ ಮುಗಿಯುವ ತನಕ ಕಾಂತಾಬಾಯಿ ಫೋನಿನಲ್ಲಿ, "ಇವತ್ತ ಹಾಲು ಭಾಳ ಕೊಟ್ಟದವ್ವಾ, ಚರಗಿ ತುಂಬಿ ಚೆಲ್ಲಿತು" ಎಂದು ಹೇಳುತ್ತಲೇ ಇದ್ದಳು. ಸತ್ತ ಎಮ್ಮೆ ಬದುಕಿದ್ದಾಗಿನದಕ್ಕಿಂತ ಹೆಚ್ಚು ಹಾಲು ಕೊಟ್ಟಿತು. ಊರಿಗೆ ಬಂದ ಕರುಣಾ ಖಾಲಿ ಗೂಟ ನೋಡಿ ಅತ್ತಳು. ಅತ್ತು ಮುಗಿಸಿ ಮುಖ ಒರೆಸಿಕೊಂಡು, "ಮತ್ತ ಇಷ್ಟ್ ದಿನದ ಹಾಲು ಯಾರ ಕುಡದ್ರಿಬೇ?" ಎಂದು ಕೇಳಿದಳು. ಅಳುತ್ತಿದ್ದ ಮನೆ ನಕ್ಕುಬಿಟ್ಟಿತ್ತು.

ಆ ಕರುಣಾ ಈಗ ಐರ್ಲೆಂಡಿನ ಲಿಮರಿಕ್ ಎಂಬ ಊರಿನಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಳು. ಹಾಗೆಂದರೇನು ಎಂದು ಚಹಾದಂಗಡಿಯಲ್ಲಿ ಕೇಳಿದವರಿಗೆ ಅವಳ ಅಪ್ಪ ನರಸಿಂಗ, ಬಸ್ ಕಂಡಕ್ಟರನಾಗಿ ನಿವೃತ್ತನಾದವನು, ತನಗೆ ತಿಳಿದಂತೆ ಅರ್ಥ ಹೇಳುತ್ತಿದ್ದ.

"ಬಸ್ ಬಿಡೂ ಹೊತ್ತಿಗಿ ಬಸ್ ಬಿಡಸೂ ವಿದ್ಯಾ ಅದು."

"ಅದಕ್ಕ ಅಷ್ಟ್ ದೂರ ಹೋಗಬೇಕೇನ್ ನರಸಿಂಗಣ್ಣ?"

"ಇಲ್ಲಿ ಕಲಸೂ ಮಂದಿ ಇದ್ದರ ನಾ ಯಾಕ ಕಳಸ್ತಿದ್ದೆ? ನೀ ಕಲಸ್ತೀ ಏನ್? ಮುಂಜಾನಿ ಕೇಳಿದ ಚಹಾ ಇನ್ನಾ ಕೊಟ್ಟಿಲ್ಲ."

ಅಕ್ಕ ಮಹಾಮಾಯಾ ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳುವ ಹೆಂಗಸು. ತಂಗಿ ವಿಮಾನ ಹತ್ತಿದ ದಿನದಿಂದ ಲಿಮರಿಕ್‌ನ ಹವೆಯನ್ನು ಫೋನಿನಲ್ಲಿ ನೋಡದೆ ಅವಳು ಮಲಗಿದ್ದಿಲ್ಲ. ಆದರೆ ಈ ಬೇಸಿಗೆಯಲ್ಲಿ ಅವಳ ಚಿಂತೆಗೆ ಬೇರೆಯೇ ಒಂದು ಕೆಲಸ ಸಿಕ್ಕಿತು.

ಕರುಣಾಳ ಓದಿನ ಕೊನೆಯ ಭಾಗಕ್ಕೆ ಪ್ರತಿಯೊಬ್ಬರೂ ನಿಜವಾದ ಒಂದು ಸಣ್ಣ ಕೆಲಸವನ್ನು ಯೋಜಿಸಿ ನಡೆಸಿ ತೋರಿಸಬೇಕಾಗಿತ್ತು. ವಾರವಾರವೂ ವರದಿ. ಸರಿ ನಡೆದಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಇದರಲ್ಲಿ ಪಾಸಾದರೆ ಮಾತ್ರ ಪದವಿ. ಜೊತೆಯವರು ಅಲ್ಲಿನ ಅಂಗಡಿ, ಕಚೇರಿಗಳನ್ನು ಆರಿಸಿಕೊಂಡರೆ ಕರುಣಾ ಸಂತಪುರವನ್ನು ಆರಿಸಿಕೊಂಡಳು. ಬುದ್ಧ ವಿಹಾರದ ಪಕ್ಕದಲ್ಲಿ ಹಳೆಯ ಕೋಣೆಯೊಂದಿತ್ತು. ಅದರ ತಗಡು ಬದಲಿಸಿ, ಕಿಟಕಿ, ದೀಪ, ಮೇಜು ಹಾಕಿ ಓದುಕೋಣೆ ಮಾಡುವುದು. ನೌಕರಿ ಪರೀಕ್ಷೆಗೆ ಓದುವ ಹುಡುಗಿಯರು ಬೀದರಿಗೆ ಹೋಗಿ ಬಾಡಿಗೆ ಕೋಣೆ ಹಿಡಿಯುವುದು ತಪ್ಪುತ್ತದೆ ಎಂದು ಊರವರೂ ಸಂತೋಷದಿಂದ ಒಪ್ಪಿ ವಂತಿಗೆ ಕೂಡಿಸಿದರು. ಬೀದರಿನ ಗಾರೆಯವನು, ಗೌಂಡಿ ಕಲೀಮ, ಕೆಲಸ ಹಿಡಿದ. ಭಾನುವಾರ ಭಾಲ್ಕಿಯಿಂದ ಬಂದು, ನೋಡಿ, ಫೋಟೋ ತೆಗೆದು ಬಣ್ಣ ತಿಳಿಸುವುದು ಮಹಾಮಾಯಾಳ ಪಾಲಿಗೆ ಬಂತು.

ತಂಗಿ ಕಳಿಸಿದ ಯೋಜನೆಯನ್ನು ಅವಳು ಮತ್ತೆ ಮತ್ತೆ ಓದಿದಳು. ಅದರಲ್ಲಿ ಒಂದು ವಾರ ಖಾಲಿ ಬಿಟ್ಟಿತ್ತು. ಯಾಕೆಂದು ಕೇಳಿದರೆ ಕರುಣಾ, "ಬಿತ್ತೂ ವಾರ ಅಕ್ಕಾ ಅದು. ತೊಗರಿ, ಸೋಯಾ ಬಿಟ್ಟು ಯಾರ ಬರ್ತಾರ ಕೂಲಿಗಿ?" ಎಂದಳು. ಅಷ್ಟು ದೂರ ಕುಳಿತ ಹುಡುಗಿಗೆ ಎರೆಹೊಲದ ಮೊದಲ ಮಳೆಯ ವಾಸನೆ ನೆನಪಿದೆಯಲ್ಲ ಎಂದು ಮಹಾಮಾಯಾಳಿಗೆ ಹೆಮ್ಮೆಯಾಯಿತು. ಕಲೀಮ ಕೂಡ ತಲೆದೂಗಿದ. "ಇಂಜಿನಿಯರ್ ಮಂದಿ ತಾರೀಖು ಬರೀತಾರ, ಅಕ್ಕೋರ. ನಿಮ್ಮ ತಂಗಿ ಮಂದಿನ್ನೂ ಬರದಾಳ."

ಆದರೆ ಹಳೆಯ ತಗಡು ಇಳಿಸಿದ ಮೇಲೆ ಮಳೆ ಯೋಜನೆ ಕೇಳದೆ ಬಂತು. ಆ ಭಾನುವಾರ ಮಹಾಮಾಯಾ ಬಂದು ನೋಡಿದರೆ ಕೋಣೆಯ ಹಿಂದಿನ ಗೋಡೆ ಮೇಲಿಂದ ಕೆಳತನಕ ಸೀಳಿ ಹೊರಗೆ ಉಬ್ಬಿಕೊಂಡು ನಿಂತಿತ್ತು.

"ಎರಿ ಮಣ್ಣು ನೀರ ಕುಡದದರಿ," ಕಲೀಮ ತಲೆ ಕೆರೆದುಕೊಂಡ. "ಪಾಯಾನೇ ಜರಗ್ಯದ. ಗ್ವಾಡಿ ಇಳಸಬೇಕು."

ಚಹಾ ತಂದಿದ್ದ ಕಾಂತಾಬಾಯಿ ಗೋಡೆಯನ್ನು ಒಮ್ಮೆ, ಮಗಳ ಕೈಯಲ್ಲಿದ್ದ ಫೋನನ್ನು ಒಮ್ಮೆ ನೋಡಿದಳು. "ಆ ಹುಡುಗಿಗಿ ಮಾತ್ರ ಹೇಳಬ್ಯಾಡ."

"ಅವ್ವಾ, ಇದು ಎಮ್ಮಿ ಅಲ್ಲ. ಅಕಿ ಪರೀಕ್ಷಾನೇ ಇದರ ಮ್ಯಾಲ ಅದ."

"ಅದಕ್ಕ ಬ್ಯಾಡ ಅಂದಿದ್ದು. ಪರೀಕ್ಷಾದಾಗ ಯಾರರ ಹೇಳ್ತಾರೇನ್? ಹೊಟ್ಟಿಗಿ ಉಂಬಂಗಿಲ್ಲ ಆಮ್ಯಾಲ ಅದು."

"ಫಿಕರ್ ಮಾಡಬ್ಯಾಡ್ರಿ," ಕಲೀಮ ನಡುವೆ ಬಾಯಿ ಹಾಕಿದ. "ಹ್ಯಾಂಗಾರ ಮಾಡಿ ಮುಗಸ್ತೇನಿ. ಆಗ್ತದ್ರಿ."

ಆಗ್ತದ್ರಿ ಎಂದ ಮೇಲೆ ಈ ಸೀಮೆಯಲ್ಲಿ ಮತ್ತೆ ಕೆದಕಿ ಕೇಳುವುದು ಮರ್ಯಾದೆಯಲ್ಲ. ಮಹಾಮಾಯಾ ಮುಂಬಾಗಿಲಿಗೆ ಹೋಗಿ ನಿಂತಳು. ಅಲ್ಲಿಂದ ಹೊಸ ನೀಲಿ ಕಿಟಕಿ ಕಾಣುತ್ತಿತ್ತು, ಹಿಂದಿನ ಗೋಡೆ ಕಾಣುತ್ತಿರಲಿಲ್ಲ. ಫೋಟೋ ತೆಗೆದಳು. ಹಸಿರು ಎಂದು ಬರೆದಳು. ಮುಂದಿನ ವಾರವೂ ಹಸಿರು, ಅದರ ಮುಂದಿನ ವಾರವೂ. ಪ್ರತಿ ಸಲ ಭಾಲ್ಕಿಯ ಬಸ್ಸಿನಲ್ಲಿ ಕುಳಿತಾಗ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಹೊರಟಂತಾಗುತ್ತಿತ್ತು. ಲಿಮರಿಕ್‌ನಿಂದ ತಂಗಿಯ ಉತ್ತರ ಬರುತ್ತಿತ್ತು: "ಥ್ಯಾಂಕ್ಸ್ ಅಕ್ಕಾ, ನೀ ಇರದಿದ್ದರ ಈ ಕೆಲಸ ಆಗ್ತಿದ್ದಿಲ್ಲ." ಅದನ್ನು ಓದಿದಾಗ ಕೆಂಡದ ಬಿಸಿ ಇನ್ನೂ ಹೆಚ್ಚುತ್ತಿತ್ತು.

ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಫೋನ್ ಬಂತು.

"ಅಕ್ಕಾ, ಉಂಡಿ?"

"ಉಂಡೆ. ನೀ?"

"ನಂದಿರಲಿ. ಒಂದು ಮಾತು ಕೇಳ್ತೇನಿ, ಹೇಳು. ಎಮ್ಮಿ ಹಾಲು ಕೊಡ್ಲಿಕತ್ತದ ಏನ್?"

ಪಕ್ಕದ ಮೇಜಿನವರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಮಹಾಮಾಯಾ ಎದ್ದು ಕಿಟಕಿಯ ಬಳಿ ಹೋದಳು. ಆಗ್ತದ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳುವುದು ಎಷ್ಟು ಸುಲಭವಾಗಿತ್ತು!

"ಇಲ್ಲ," ಎಂದಳು. "ಎಮ್ಮಿ ಸತ್ತು ಭಾಳ ದಿನ ಆತು, ಕರುಣಾ."

ಗೋಡೆಯ ಸೀಳು, ಅವ್ವನ ಮಾತು, ಮುಂಬಾಗಿಲ ಫೋಟೋ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳಿ ಬೈಗುಳಕ್ಕೆ ಕಾದಳು. ಆ ಕಡೆಯಿಂದ ನಗು ಕೇಳಿತು.

"ನೀ ಕಳಸೂ ಫೋಟೋದಾಗ ಯಾವಾಗ ನೋಡಿದರೂ ಮುಂದಿನ ಬಾಗಲಾನೇ. ಹಿಂದಿನ ಗ್ವಾಡಿ ಏನ್ ಮೈ ನೆರದು ಒಳಗ ಕುಂತದೋ ಅನ್ಕೊಂಡೆ. ನಮ್ಮ ಮೇಡಂ ಬ್ಯಾರೆ ಅಂದ್ರು, ಬರೇ ಹಸಿರು ಇರೂ ಕೆಲಸ ನಾ ಎಲ್ಲಿನೂ ಕಂಡಿಲ್ಲ, ನಿನಗ ಯಾರೋ ಖರೇ ಹೇಳವಲ್ರು ಅಂತ."

"ತಪ್ಪಾತು, ಕರುಣಾ. ನಿನ್ನ ಪದವಿ ನಾನೇ ಕೆಡಿಸಿದಂಗಾತು."

"ಕೇಳಿಲ್ಲಿ. ಚಳಿಗಾಲದಾಗ ನಂದೂ ಒಂದು ಎಮ್ಮಿ ಸತ್ತಿತ್ತು. ಗುಂಪಿನ ಕೆಲಸದಾಗ ನನ್ನ ಪಾಲು ಹಿಂದ ಬಿದ್ದಿತ್ತು. ಕೇಳಿದಾಗೊಮ್ಮೆ ಆಗ್ತದ, ಆಗ್ತದ ಅಂದೆ. ನಮ್ಮ ಮನ್ಯಾಗ ಕಲಿಸಿದ್ದು ಅದೇ ಅಲ್ಲೇನ್? ಕಡೀ ದಿನ ಎಲ್ಲಾರ ಮುಂದ ಕುಸದ ಬಿತ್ತು. ಆ ವಿಷಯದಾಗ ಫೇಲಾಗಿ ಮತ್ತ ಬರದೆ. ಅವ್ವಗ ಹೇಳಿಲ್ಲ."

ಮಹಾಮಾಯಾಳಿಗೆ ನೆನಪಾಯಿತು. ಚಳಿಗಾಲದಲ್ಲಿ ಒಂದು ಭಾನುವಾರ ಕರುಣಾ ಆ ಊರಿನ ನದಿಯ ಬಿಳಿ ಹಂಸಗಳ ಸುದ್ದಿಯನ್ನೇ ಹೇಳಿದ್ದಳು, ಮುಗಿಯದ ಹಾಗೆ. ಅವ್ವ ಕೇಳಿ ಕೇಳಿ ಸಂತೋಷಪಟ್ಟಿದ್ದಳು. ಪರದೇಶದಲ್ಲಿ ಒಬ್ಬಳೇ ಬಿದ್ದು, ಒಬ್ಬಳೇ ಎದ್ದು, ಮಣ್ಣು ಕೊಡವಿಕೊಂಡು ಆ ಹುಡುಗಿ ಹಂಸದ ಕತೆ ಹೇಳಿತ್ತು.

"ಅಳಬ್ಯಾಡಕ್ಕಾ, ಈಗ ಪುರುಸೊತ್ತಿಲ್ಲ. ಭಾನುವಾರ ಕಲೀಮ ಚಾಚಾಗ ಫೋನ್ ಕೊಡು."

ಭಾನುವಾರ ಸಂತಪುರದ ಆ ಕೋಣೆಯ ಮುಂದೆ ಎಲ್ಲರೂ ಕೂಡಿದರು. ವಿಡಿಯೋದಲ್ಲಿ ಕರುಣಾಳ ಮುಖ ಬಂತು.

"ಚಾಚಾ, ಏನ ಆಗ್ತದ ಅಂತ ನಾ ಕೇಳಂಗಿಲ್ಲ. ಏನ ಆಗಂಗಿಲ್ಲ, ಅದನ್ನ ಹೇಳ್ರಿ."

ಕಲೀಮ ಹೆಗಲ ವಸ್ತ್ರ ತೆಗೆದು ಬೆವರು ಒರೆಸಿಕೊಂಡ. "ಹಾಂಗ ಹ್ಯಾಂಗ ಅನಬೇಕು ಬೇಟಿ? ಹ್ಯಾಂಗಾರ ಮಾಡಿ..."

"ಹ್ಯಾಂಗಾರ ಬ್ಯಾಡ ಚಾಚಾ."

"ಹೇಳಪಾ," ನರಸಿಂಗ ಗದರಿದ. "ಬಸ್ ಹೋಗಿಬಿಟ್ಟದ. ಇನ್ನ ಸೀಟಿ ಊದಿ ಏನ್ ಮಾಡ್ತಿ?"

"ಮಳಿ ನಿಲ್ಲೂತನ ಈ ಗ್ವಾಡಿ ಇಳಸಿ ಕಟ್ಟೂದು ಆಗಂಗಿಲ್ಲ," ಎಂದ ಕಲೀಮ, ಕಳ್ಳತನ ಒಪ್ಪಿಕೊಂಡವನಂತೆ. ಎಂದದ್ದೇ ತಡ, ಅವನ ಮಾತು ಹರಿಯತೊಡಗಿತು. ಮುಂದಿನ ಅರ್ಧ ಗಟ್ಟಿ ಇದೆ, ಅದರ ಪಾಯಾ ಕಲ್ಲಿನದು. ಕರುಣಾ ಬರೆದುಕೊಳ್ಳುತ್ತ ಕೇಳಿದಳು: ಹಾಗಾದರೆ ಮುಂದಿನ ಅರ್ಧಕ್ಕಷ್ಟೇ ತಗಡು ಹಾಕಿ, ನಡುವೆ ಅಡ್ಡಗೋಡೆ ಎಬ್ಬಿಸಿದರೆ? ಕಲೀಮ ಕಣ್ಣು ಮುಚ್ಚಿ ಲೆಕ್ಕ ಹಾಕಿದ. ಆಗುತ್ತದೆ ಎಂದು ಹೇಳಲು ಈ ಸಲ ಅವನು ಬಹಳ ಹೊತ್ತು ತೆಗೆದುಕೊಂಡ. ಅದಕ್ಕೇ ಎಲ್ಲರೂ ಅದನ್ನು ನಂಬಿದರು.

ಪರೀಕ್ಷೆಯ ದಿನ ಮಹಾಮಾಯಾ ರಜೆ ಹಾಕಿ ಬಂದಳು. ಲಿಮರಿಕ್‌ನಲ್ಲಿ ಪರೀಕ್ಷಕರ ಎದುರು ಕರುಣಾ, ಸಂತಪುರದಲ್ಲಿ ವಿಡಿಯೋ ಹಚ್ಚಿದ ಫೋನ್ ಹಿಡಿದು ಅಕ್ಕ, ಅವಳ ಹಿಂದೆ ಅವ್ವ. ಕರುಣಾ ಮೊದಲು ಮುಂಬಾಗಿಲನ್ನಲ್ಲ, ಹಿಂದಿನ ಗೋಡೆಯನ್ನು ತೋರಿಸಲು ಹೇಳಿದಳು. ನಂತರ ತಣ್ಣಗಿನ ಇಂಗ್ಲಿಷಿನಲ್ಲಿ ಮಾತಾಡಿದಳು. ಇದು ಕೆಂಪು. ನಾನು ವಾರಗಟ್ಟಲೆ ಇದನ್ನು ಹಸಿರು ಎಂದು ಕೊಟ್ಟೆ. ನನ್ನವರು ಮುಚ್ಚಿಟ್ಟರು ಎಂದು ನಾನು ಹೇಳುವುದಿಲ್ಲ. ಬಿತ್ತನೆಯ ವಾರವನ್ನು ಯೋಜನೆಯಲ್ಲಿ ಹಿಡಿದ ನಾನು ನನ್ನ ಮನೆಯ ಪದ್ಧತಿಯನ್ನು ಹಿಡಿಯಲಿಲ್ಲ. ತಪ್ಪು ನನ್ನದು.

ಫೋನ್ ಹಿಡಿದ ಮಹಾಮಾಯಾ ಆ ಮಾತುಗಳನ್ನೆಲ್ಲ ಕೇಳಿದಳು. ತನ್ನ ಹೆಸರನ್ನು ಹೇಳಿದ್ದರೆ ತಂಗಿ ಸುಲಭವಾಗಿ ಪಾರಾಗುತ್ತಿದ್ದಳು. ಇಷ್ಟು ವರ್ಷ ಇಂಗ್ಲಿಷ್ ಕಲಿಸಿಯೂ ಆ ಭಾಷೆಯಲ್ಲಿ ಹೀಗೆ ನೆಟ್ಟಗೆ ನಿಂತು ಒಂದು ಮಾತನ್ನೂ ತಾನು ಆಡಿಲ್ಲ ಎಂದು ಅವಳಿಗೆ ಅನ್ನಿಸಿತು.

ಹಿರಿಯ ಪರೀಕ್ಷಕನೊಬ್ಬ ಕೇಳಿದ: ಅವರು ನಿಮಗೆ ಯಾಕೆ ಹೇಳಲಿಲ್ಲ? ಕರುಣಾ ಅದನ್ನು ಕನ್ನಡದಲ್ಲಿ ಅವ್ವನಿಗೇ ಕೇಳಿದಳು.

ಕಾಂತಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಹೇಳಿದರ ಅಳ್ತದರಿ ಕೂಸು. ಕಣ್ಣೀರ ಒರಸ್ಲಿಕ್ಕ ಅಲ್ಲಿ ನಾ ಇರಂಗಿಲ್ಲ. ಮತ್ತ ಹ್ಯಾಂಗ ಹೇಳಬೇಕ್ರಿ?"

ಕರುಣಾ ಅದನ್ನು ಒಂದಕ್ಷರ ಬಿಡದೆ ಅವರಿಗೆ ತಿಳಿಸಿದಳು. ಪರೀಕ್ಷಕ ಬಿಡುವ ಆಸಾಮಿಯಲ್ಲ. ಹಾಗಾದರೆ ಈಗ ಹೇಳುತ್ತಿರುವುದಾದರೂ ನಿಜವೆಂದು ನಿಮಗೆ ಹೇಗೆ ಗೊತ್ತು ಎಂದ.

ಪ್ರಶ್ನೆ ಕನ್ನಡಕ್ಕೆ ಬಂದಾಗ ಕಾಂತಾಬಾಯಿ ಮಹಾಮಾಯಾಳ ಮೊಣಕೈ ಹಿಡಿದು ಎಳೆದುಕೊಂಡು ಹೋಗಿ ಗೋಡೆಯ ಹತ್ತಿರ ನಿಲ್ಲಿಸಿದಳು. ಬಳೆಗಳನ್ನು ಮೇಲೆ ಸರಿಸಿ ಆ ಸೀಳಿನಲ್ಲಿ ಕೈ ಹಾಕಿದಳು, ಮುಂಗೈ ಮುಳುಗುವ ತನಕ.

"ನೋಡ್ಲಿ ಅವರು," ಎಂದಳು. "ಬರಾಬರ್ ನೋಡ್ಲಿ."

ಕರುಣಾ ಪಾಸಾದಳು. ತರಗತಿಯಲ್ಲಿ ಮೊದಲನೆಯವಳೇನೂ ಅಲ್ಲ, ತಪ್ಪು ವರದಿಗೆ ಅಂಕ ಕಳೆದರು. ಓದುಕೋಣೆಯ ಮುಂದಿನ ಅರ್ಧದಲ್ಲಿ ಹುಡುಗಿಯರು ಈಗ ಓದುತ್ತಿದ್ದಾರೆ. ಹಿಂದಿನ ಅರ್ಧ ಮಳೆ ನಿಲ್ಲುವುದನ್ನು ಕಾಯುತ್ತಿದೆ.

ಕಳೆದ ಭಾನುವಾರ ಮಹಾಮಾಯಾ ತವರಿಗೆ ಬಂದಿದ್ದಾಗ ಫೋನ್ ಬಂತು. ಕಾಂತಾಬಾಯಿ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಅದನ್ನು ಹಿಡಿದಳು.

"ಕೆಂಪು ಏನದ, ಅದನ್ನ ಮೊದಲ ಹೇಳು. ಉಂಡಿಯೇನಂತ ಆಮ್ಯಾಲ ಕೇಳ್ತೇನಿ."

ಆ ಕಡೆಯಿಂದ ಕರುಣಾ ಹೇಳತೊಡಗಿದಳು. ಮನೆಯ ಮಾಲಕ ಕೋಣೆ ಬಿಡು ಎಂದಿದ್ದಾನೆ, ಎರಡು ಕಡೆ ನೌಕರಿ ಕೇಳಿದರೆ ಇಲ್ಲ ಎಂದಿದ್ದಾರೆ. ಮಹಾಮಾಯಾ ಅವ್ವನ ಮುಖವನ್ನೇ ನೋಡುತ್ತಿದ್ದಳು. ಕಾಂತಾಬಾಯಿಯ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡಳು, ಕೆನ್ನೆಗೆ ಹಿಟ್ಟು ಹತ್ತಿತು. ದನಿಯನ್ನು ಮಾತ್ರ ಅಲುಗಲು ಬಿಡಲಿಲ್ಲ.

"ಹೂಂ," ಎಂದಳು. "ಮತ್ತ?"