ಹದಿನೆಂಟಿಂಚಿನ ಗಾಲಿ

“ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ?” ಎಂದು ಕೇಳಿದ ಅಂಗಡಿಯ ಸೆಮಿಸಿ.

ತಿರೇಸಾ ಎರಡು ಗಾಲಿಗಳ ನಡುವೆ ನಿಂತಿದ್ದಳು. ಎಡಗಡೆಯದು ಹದಿನಾರು ಇಂಚಿನದು, ಬೂದು ಬಣ್ಣದ್ದು, ಯಾರೂ ತಿರುಗಿ ನೋಡದಂಥದ್ದು. ಬಲಗಡೆಯದು ಹದಿನೆಂಟು. ಕಪ್ಪು ಕಡ್ಡಿಗಳು, ಅಂಚಿನಲ್ಲಿ ಕನ್ನಡಿಯಂಥ ಹೊಳಪು. ಆಕ್ಲೆಂಡಿನ ಓಟಾಹುಹು ಬಡಾವಣೆಯಲ್ಲಿದ್ದ ಈ ಟೈರು ಅಂಗಡಿಗೆ ಅವಳು ಎಷ್ಟೋ ಸಲ ಬಂದು, ಇದನ್ನೇ ನೋಡಿ, ಸುಮ್ಮನೆ ವಾಪಸು ಹೋಗಿದ್ದಳು.

“ಯಾಕೆ ಕೇಳ್ತೀಯ?”

“ನಿಂದು ಹಳೇ ಕಾರು, ಸ್ಪ್ರಿಂಗು ಕೂತ್ಬಿಟ್ಟಿದೆ. ಹದಿನೆಂಟು ಹಾಕಿ ಹಿಂದೆ ಭಾರ ಬಿದ್ರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತೆ. ಒಬ್ಳೇ ಓಡಾಡೋಳಾದ್ರೆ ತೊಂದ್ರೆ ಇಲ್ಲ, ರಾಣಿ ಹಾಗೆ ಹೋಗು.”

“ಒಬ್ಳೇ. ಊರೊಳಗೇ. ಕೆಲಸಕ್ಕೆ, ಮನೆಗೆ, ಅಷ್ಟೆ.”

ಸೆಮಿಸಿ ತಿರೇಸಾಳ ಸಮೋವಾಕ್ಕೆ ನೆರೆಯ ದ್ವೀಪವಾದ ಟೋಂಗಾದವನು. ಅವನ ಮನೆಯಲ್ಲೂ ಅಮ್ಮಂದಿರು, ಚಿಕ್ಕಮ್ಮಂದಿರು ಇದ್ದರು. ಎಣ್ಣೆಗೈ ಒರೆಸಿಕೊಳ್ಳುತ್ತ ಅವಳ ಮುಖ ನೋಡಿದ.

“ಭಾನುವಾರ?”

“ಭಾನುವಾರ ಏನು?”

“ಸಮೋವಾದೋಳು ಭಾನುವಾರ ಚರ್ಚಿಗೆ ಒಬ್ಳೇ ಕಾರಲ್ಲಿ ಹೋಗೋದನ್ನ ನಾನಂತೂ ಕಂಡಿಲ್ಲ ಕಣಮ್ಮ.”

“ಇನ್ಮೇಲೆ ಕಾಣ್ತೀಯ. ಹಾಕು,” ಎಂದಳು ತಿರೇಸಾ.

ಹಾಗೆ ನೋಡಿದರೆ ಕಾರು ಅವಳದು, ಹಿಂದಿನ ಸೀಟು ಮಾತ್ರ ಊರಿನದು. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ಅವಳು ಕೊಂಡ ಮೊದಲ ದೊಡ್ಡ ವಸ್ತು ಅದು. ಆದರೆ ಫಿಲೋಯಿ ದೊಡ್ಡಮ್ಮನನ್ನು ಹೌಸಿ ಆಟಕ್ಕೆ ಬಿಡಬೇಕು, ಅಕೆನೆಸೆ ಚಿಕ್ಕಮ್ಮನನ್ನು ಕೆಲಸದಿಂದ ಕರೆತರಬೇಕು, ಲೀಟಾ ಚಿಕ್ಕಮ್ಮನಿಗೆ ಸಮೋವಾದ ಅಪಿಯಾದಿಂದ ಬರುವ ಪ್ರತಿ ವಿಮಾನದಲ್ಲೂ ಒಬ್ಬ ನೆಂಟ ಇದ್ದೇ ಇರುತ್ತಾನೆ. ಯಾರೂ ತಿರೇಸಾಳನ್ನು ಕೇಳುತ್ತಿರಲಿಲ್ಲ. ಎಲ್ಲರೂ ಅವಳ ಅಮ್ಮನಿಗೆ, ಎಪೆನೆಸಾಗೆ, ಫೋನು ಮಾಡುತ್ತಿದ್ದರು. “ತಿರೇಸಾ ಬರ್ತಾಳೆ ಬಿಡು,” ಎಂದು ಅಮ್ಮ ಅಲ್ಲಿಂದಲೇ ಮಾತು ಕೊಡುತ್ತಿದ್ದಳು.

ತಿರೇಸಾಗೆ ಸಾಕಾಗಿತ್ತು. ವಯಸ್ಸು ನಲವತ್ತರ ಹತ್ತಿರ ಬಂದರೂ ಹಿರಿಯರ ಮುಖ ನೋಡಿ ‘ಆಗಲ್ಲ’ ಎಂದು ಒಮ್ಮೆಯೂ ಅಂದವಳಲ್ಲ. ಹೇಳಬೇಕೆಂದು ಹೊರಟು, ಕೊನೆಗೆ ಕಾರಿನ ಕೀ ಎತ್ತಿಕೊಂಡುಬಿಡುತ್ತಿದ್ದಳು. ತಾನು ಹೇಳಲಾರದ್ದನ್ನು ಗಾಲಿಗಳೇ ಹೇಳಿಬಿಡಲಿ, ಅದರಲ್ಲಿ ಯಾರದೂ ತಪ್ಪಿಲ್ಲ ಎಂದು ಲೆಕ್ಕ ಹಾಕಿದ್ದಳು.

ಭಾನುವಾರ ಬೆಳಿಗ್ಗೆ ದೊಡ್ಡಮ್ಮ, ಚಿಕ್ಕಮ್ಮಂದಿರು ಮೂವರೂ ಬಿಳಿ ಉಡುಪಿನಲ್ಲಿ, ಬಿಳಿ ಟೋಪಿಯಲ್ಲಿ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಫಿಲೋಯಿ ದೊಡ್ಡಮ್ಮ ಬಗ್ಗಿ, ಗಾಲಿಯ ಅಂಚಿನಲ್ಲಿ ತನ್ನ ಮುಖ ನೋಡಿಕೊಂಡು ಟೋಪಿ ಸರಿಮಾಡಿಕೊಂಡಳು. “ಪಾದ್ರಿಗಳ ಕಾರಿಗೂ ಇಂಥದ್ದಿಲ್ಲ ಕಣೇ!” ಎಂದಳು. ಮೂವರೂ ಹಿಂದೆ ತುಂಬಿಕೊಂಡರು. ಅಮ್ಮ ಎಂದಿನಂತೆ ಮುಂದೆ ಕೂತು, ಬೈಬಲ್ ತೊಡೆಯ ಮೇಲಿಟ್ಟುಕೊಂಡಳು.

ರಸ್ತೆಯ ಮೊದಲ ಹಂಪು ಬರುತ್ತಲೇ ಹಿಂದಿನಿಂದ ಗರ್ರೆಂದು ಸದ್ದಾಯಿತು. ತಿರುವಿನಲ್ಲಿ ಮತ್ತೆ ಗರ್ರೆಂದಿತು.

“ಏನದು?” ಎಂದಳು ಅಕೆನೆಸೆ.

ತಿರೇಸಾ ಕಾರು ಪಕ್ಕಕ್ಕೆ ನಿಲ್ಲಿಸಿದಳು. ವಾರವಿಡೀ ಬಾಯಿಪಾಠ ಮಾಡಿದ್ದ ಮಾತನ್ನು ಹೇಳಿದಳು: “ಹೊಸ ಗಾಲಿ, ಚಿಕ್ಕಮ್ಮ. ಹಿಂದೆ ಭಾರ ತಡೆಯಲ್ಲ ಅಂತ ಕಾಣುತ್ತೆ.”

ಹೆಂಗಸರು ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದಳು. ಅವರಿಗೆ ನಗು ತಡೆಯಲಾಗಲಿಲ್ಲ.

“ನಿನ್ನೆ ನಾನು ಎರಡು ಕೆಸುಗೆಡ್ಡೆ ಜಾಸ್ತಿ ತಿಂದೆ, ಅದಕ್ಕೇ!” ಎಂದಳು ಫಿಲೋಯಿ.

“ಎರಡಾ? ಇಡೀ ಪಾತ್ರೆ ಬಳಿದಿದ್ದು ಯಾರು?” ಎಂದಳು ಲೀಟಾ.

“ಲೀಟಾ, ನೀನಿಳಿ ನೋಡೋಣ,” ಎಂದಳು ಅಕೆನೆಸೆ.

ಲೀಟಾ ಇಳಿದಳು. ಕಾರು ಸ್ವಲ್ಪ ಮುಂದೆ ಹೋಯಿತು, ಗರ್ರೆಂದಿತು. ಅಕೆನೆಸೆ ಇಳಿದಳು. ಆಗಲೂ ಸದ್ದು ನಿಲ್ಲಲಿಲ್ಲ. ಇಳಿದವರಿಬ್ಬರೂ ರಸ್ತೆ ಬದಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರು. ಕೊನೆಗೆ ಫಿಲೋಯಿ, “ಸರಿ, ಕಳ್ಳಿ ಯಾರು ಅಂತ ಗೊತ್ತಾಯ್ತಲ್ಲ,” ಎನ್ನುತ್ತ ಬಾಗಿಲ ಮೇಲೆ ಕೈಯೂರಿ, ಮಂಡಿನೋವಿಗೆ ಮುಖ ಕಿವುಚಿ, ತಾನೂ ಇಳಿದಳು. ಕಾರು ಸದ್ದಿಲ್ಲದೆ ಸಾಗಿತು. ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ಅಮ್ಮ ಮಾತ್ರ ನಕ್ಕಿರಲಿಲ್ಲ. ಕಾರು ನಿಂತ ಮೇಲೆ, ಮುಂದಿನ ಗಾಜನ್ನೇ ನೋಡುತ್ತ ಕೇಳಿದಳು: “ಅಂಗಡಿಯವನು ಮೊದಲೇ ಹೇಳಿದ್ನಾ?”

ಇಲ್ಲ ಎನ್ನಬಹುದಿತ್ತು. ಅಮ್ಮ ನಂಬುತ್ತಿದ್ದಳೋ ಏನೋ, ನಂಬಿದಂತೆ ಇದ್ದುಬಿಡುತ್ತಿದ್ದಳು ಖಂಡಿತ.

“ಹೇಳಿದ್ದ.”

“ಏನಂತ?”

“ಹಿಂದೆ ಯಾರು ಕೂರ್ತಾರೆ ಅಂತ ಕೇಳಿದ.”

“ನೀನೇನಂದೆ?”

“ಯಾರೂ ಇಲ್ಲ ಅಂದೆ, ಅಮ್ಮ.”

ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ತಿರೇಸಾಗೆ ಅನಿಸಿತು. ಅಮ್ಮ ಬೆಲ್ಟು ಬಿಚ್ಚಿ, ಬೈಬಲ್ ಎತ್ತಿಕೊಂಡು, ಬಾಗಿಲು ತೆಗೆದಳು.

“ನೀವ್ಯಾಕೆ ಇಳೀತೀರ? ಮುಂದೆ ಕೂತ್ರೆ ಉಜ್ಜಲ್ಲ ಅಮ್ಮ.”

“ಗೊತ್ತು. ಅಕ್ಕನಿಗೆ ಮಂಡಿ ನೋವು, ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ,” ಎಂದಳು ಅಮ್ಮ. “ನೀನು ಹೋಗ್ತಿರು. ದೂರವೇನಿಲ್ಲ.”

ಬಾಗಿಲನ್ನು ಮೆಲ್ಲಗೆ ಹಾಕಿದಳು. ಮಗಳ ವಸ್ತುವಿನ ಬಗ್ಗೆ ಅವಳಿಗೆ ಯಾವಾಗಲೂ ಇದ್ದ ಜಾಗ್ರತೆ ಅದು.

ನಾಲ್ವರೂ ಫುಟ್‌ಪಾತಿನ ತುಂಬ ಸಾಲಾಗಿ ನಡೆದರು. ತಿರೇಸಾ ಕಾರನ್ನು ಅವರ ಪಕ್ಕದಲ್ಲಿ ನಡಿಗೆಯ ವೇಗದಲ್ಲೇ ಬಿಟ್ಟಳು. ಮುಂದೆ ಹೋಗುವುದು ಅವಳಿಂದಾಗಲಿಲ್ಲ. ಹಂಪು ಬಂತು, ತಿರುವು ಬಂತು. ಗಾಲಿಗಳು ಒಂದಿಷ್ಟೂ ಸದ್ದು ಮಾಡಲಿಲ್ಲ.

ಚರ್ಚಿನ ಗೇಟಿನ ಹತ್ತಿರ ಯಾರೋ ಪರಿಚಯದವಳು ಎದುರಾಗಿ, ಯಾಕೆ ನಡೆದು ಬಂದಿರಿ ಎಂದು ಕೇಳಿದಳು. ಫಿಲೋಯಿ ದೊಡ್ಡಮ್ಮ ಏದುಸಿರು ಬಿಡುತ್ತ ನಿಂತಳು. ಬೆವರಿಗೆ ಟೋಪಿ ಓರೆಯಾಗಿತ್ತು. “ಅದಿರಲಿ, ಇಲ್ನೋಡೇ, ನಮ್ಮ ತಿರೇಸಾ ಕಾರಿನ ಗಾಲಿ!” ಎಂದು ಕೈಚಾಚಿ ತೋರಿಸಿದಳು. ಎಲ್ಲರೂ ತಿರುಗಿ ನೋಡಿದರು. ಅಮ್ಮ ಅಕ್ಕನ ಮೊಣಕೈ ಹಿಡಿದುಕೊಂಡು, ಚರ್ಚಿನ ಮೆಟ್ಟಿಲ ಕಡೆಗೇ ಮುಖಮಾಡಿ ನಿಂತಿದ್ದಳು.